ಇಸ್ರೊಗೆ ಕೊಡುವ ಹಣಕ್ಕೆ ಲೆಕ್ಕ ಕೇಳುವವರು ಯಾರು?

ಪ್ರಶ್ನೆ: ಚಂದ್ರಯಾನ, ಗಗನಯಾನಗಳಿಗೆ ಸಾವಿರಾರು ಕೋಟಿ ರೂಪಾಯಿ ಮಂಜೂರಾಯಿತು ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಆದರೆ ಬಜೆಟ್‌ನಲ್ಲಿ ಬಾಹ್ಯಾಕಾಶಕ್ಕೆ ತೆಗೆದಿಟ್ಟ ಮೊತ್ತ ವರ್ಷದಿಂದ ವರ್ಷಕ್ಕೆ ಅಷ್ಟೇನೂ ಏರಿದಂತೆ ಕಾಣುವುದಿಲ್ಲ. ಈ ಹಣವನ್ನು ನಿರ್ಧರಿಸುವವರು ಯಾರು? ಖರ್ಚಾದ ಮೇಲೆ ಲೆಕ್ಕ ಕೇಳುವವರು ಯಾರು? ರಾಕೆಟ್ ವಿಫಲವಾದಾಗ ಇಸ್ರೊ ಯಾರಿಗೆ ಉತ್ತರ ಕೊಡಬೇಕು? ಸಾಮಾನ್ಯ ನಾಗರಿಕರು ಇದನ್ನೆಲ್ಲ ತಿಳಿದುಕೊಳ್ಳಲು ದಾರಿ ಇದೆಯೇ?

ಉತ್ತರ: ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಸಂವಿಧಾನದಲ್ಲೇ ಇದೆ. ಮೂರನೆಯ ಪ್ರಶ್ನೆಗೆ ಅಷ್ಟು ನಿಖರವಾದ ಉತ್ತರವನ್ನು ನಮ್ಮ ಯಾವ ಕಾನೂನೂ ಕೊಡುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇಸ್ರೊ ಖರ್ಚು ಮಾಡುವ ಹಣದ ಮೇಲೆ ನಮ್ಮ ವ್ಯವಸ್ಥೆಗೆ ಸಾಕಷ್ಟು ಹಿಡಿತವಿದೆ. ಆದರೆ ಆ ಹಣದಿಂದ ಆದ ಕೆಲಸದ ಮೇಲೆ, ಅದರಲ್ಲೂ ಕೆಟ್ಟುಹೋದ ಕೆಲಸದ ಮೇಲೆ, ಹೊರಗಿನವರ ಕಣ್ಣು ಬೀಳುವುದು ತೀರಾ ಕಡಿಮೆ. ಇಸ್ರೊದ ಸಾಧನೆಯನ್ನು ಹತ್ತಿರದಿಂದ ಕಂಡು ಹೆಮ್ಮೆಪಡುವವರೇ ಈ ಕೊರತೆಯ ಬಗ್ಗೆ ಮೊದಲು ಮಾತನಾಡಬೇಕು ಎಂಬುದು ನನ್ನ ನಂಬಿಕೆ.

ಮೊದಲು ಆಡಳಿತದ ಚೌಕಟ್ಟನ್ನು ನೋಡೋಣ. ಬಜೆಟ್‌ನಲ್ಲಿ ಹಣ ಬರುವುದು ನೇರವಾಗಿ ಇಸ್ರೊದ ಹೆಸರಿಗಲ್ಲ, ಬಾಹ್ಯಾಕಾಶ ಇಲಾಖೆಯ ಹೆಸರಿಗೆ. 1969ರ ಆಗಸ್ಟ್ 15ರಂದು ಹುಟ್ಟಿದ ಇಸ್ರೊ ಆರಂಭದಲ್ಲಿ ಅಣುಶಕ್ತಿ ಇಲಾಖೆಯ ಆಶ್ರಯದಲ್ಲಿತ್ತು. ವಿಕ್ರಮ್ ಸಾರಾಭಾಯಿ ಅವರ ನಿಧನದ ನಂತರ, 1972ರಲ್ಲಿ, ಕೇಂದ್ರ ಸರ್ಕಾರ ಬಾಹ್ಯಾಕಾಶ ಆಯೋಗವನ್ನೂ ಬಾಹ್ಯಾಕಾಶ ಇಲಾಖೆಯನ್ನೂ ರಚಿಸಿ, ಇಸ್ರೊವನ್ನು ಆ ಇಲಾಖೆಯ ಅಡಿಗೆ ತಂದಿತು. ಸಾರಾಭಾಯಿ ಅವರ ನಂತರ ಇಸ್ರೊದ ಹೊಣೆ ಹೊತ್ತುಕೊಳ್ಳಲು ಒಪ್ಪಿದ ಸತೀಶ್ ಧವನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಮುಂದುವರಿಯಲು ಅವಕಾಶ ಇರಬೇಕು, ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು ಎಂದು ಕೇಳಿದ್ದರಿಂದ, ಕೇಂದ್ರ ಸರ್ಕಾರದ ಒಂದು ಪೂರ್ಣ ಇಲಾಖೆಯ ಕಾರ್ಯದರ್ಶಿ ದೆಹಲಿಯಲ್ಲಿ ಕೂರದೆ ನಮ್ಮ ನ್ಯೂ ಬಿಇಎಲ್ ರಸ್ತೆಯ ಅಂತರಿಕ್ಷ ಭವನದಲ್ಲಿ ಕೂರುವ ಅಪರೂಪದ ಏರ್ಪಾಡು ಉಂಟಾಯಿತು. ಇಲಾಖೆಯ ರಾಜಕೀಯ ಹೊಣೆ ಪ್ರಧಾನಮಂತ್ರಿಯವರದು. ದಿನನಿತ್ಯದ ಸಂಸದೀಯ ಕೆಲಸವನ್ನು ಒಬ್ಬ ರಾಜ್ಯ ಸಚಿವರು ನೋಡಿಕೊಳ್ಳುತ್ತಾರೆ.

ಇಲಾಖೆಯ ಕಾರ್ಯದರ್ಶಿ, ಇಸ್ರೊ ಅಧ್ಯಕ್ಷ, ಬಾಹ್ಯಾಕಾಶ ಆಯೋಗದ ಅಧ್ಯಕ್ಷ, ಈ ಮೂರೂ ಹುದ್ದೆಗಳು ಒಬ್ಬರ ಕೈಯಲ್ಲೇ ಇರುತ್ತವೆ. ಯೋಜನೆಯನ್ನು ರೂಪಿಸುವ ಸಂಸ್ಥೆಯ ಮುಖ್ಯಸ್ಥರು, ಅದಕ್ಕೆ ಹಣ ಕೇಳುವ ಇಲಾಖೆಯ ಮುಖ್ಯಸ್ಥರು ಮತ್ತು ಅದನ್ನು ಪರಿಶೀಲಿಸಿ ಸರ್ಕಾರಕ್ಕೆ ಶಿಫಾರಸು ಮಾಡುವ ಆಯೋಗದ ಮುಖ್ಯಸ್ಥರು ಒಬ್ಬರೇ ಆಗಿರುವುದರಿಂದ ತೀರ್ಮಾನಗಳು ಬೇಗ ಆಗುತ್ತವೆ ಎಂಬುದು ನಿಜ. ಹಣವಿಲ್ಲದ, ಅನುಭವವಿಲ್ಲದ, ಹೊರಗಿನ ತಂತ್ರಜ್ಞಾನ ಸುಲಭವಾಗಿ ಸಿಗದ ಎಪ್ಪತ್ತರ ದಶಕದಲ್ಲಿ ಈ ಏರ್ಪಾಡು ಇಲ್ಲದಿದ್ದರೆ ಕಾರ್ಯಕ್ರಮವೇ ಕುಂಟುತ್ತಿತ್ತು. ಆದರೆ ಒಳಗಿನಿಂದಲೇ ಒಬ್ಬರು ಇನ್ನೊಬ್ಬರನ್ನು ತಡೆದು ನಿಲ್ಲಿಸಿ ಪ್ರಶ್ನಿಸುವ ಅವಕಾಶ ಇದರಿಂದ ಕಡಿಮೆಯಾಗುತ್ತದೆ ಎಂಬುದೂ ಅಷ್ಟೇ ನಿಜ.

ಇನ್ನು ಹಣದ ದಾರಿ. ಪ್ರತಿ ವರ್ಷ ಇಲಾಖೆ ತನ್ನ ಕೇಂದ್ರಗಳಿಂದ ಅಂದಾಜು ತರಿಸಿಕೊಂಡು ಹಣಕಾಸು ಸಚಿವಾಲಯದ ಮುಂದೆ ಇಡುತ್ತದೆ. ಅಲ್ಲಿ ಕಡಿತ, ಚೌಕಾಸಿ ಎಲ್ಲ ಮುಗಿದು ಒಪ್ಪಿಗೆಯಾದ ಮೊತ್ತ ಅನುದಾನ ಬೇಡಿಕೆಯಾಗಿ ಲೋಕಸಭೆಗೆ ಬರುತ್ತದೆ. ಸಂವಿಧಾನದ 113ನೇ ವಿಧಿಯಂತೆ ಲೋಕಸಭೆ ಆ ಬೇಡಿಕೆಗೆ ಮತ ಕೊಡಬೇಕು, 114ನೇ ವಿಧಿಯಂತೆ ಧನವಿನಿಯೋಗ ಮಸೂದೆ ಅಂಗೀಕಾರವಾಗಬೇಕು. ಅಲ್ಲಿಯವರೆಗೆ ಭಾರತದ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಮತಕ್ಕೆ ಮುನ್ನ ವಿಜ್ಞಾನ ಮತ್ತು ತಂತ್ರಜ್ಞಾನ, ಪರಿಸರ, ಅರಣ್ಯ ಹಾಗೂ ಹವಾಮಾನ ಬದಲಾವಣೆಗೆ ಸಂಬಂಧಿಸಿದ ಸಂಸದೀಯ ಸ್ಥಾಯಿ ಸಮಿತಿ ಈ ಬೇಡಿಕೆಯನ್ನು ಪರಿಶೀಲಿಸುತ್ತದೆ. ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿರುವ ಈ ಸಮಿತಿ ಇಲಾಖೆಯ ಅಧಿಕಾರಿಗಳನ್ನು ಕರೆಸಿ, ಹಿಂದಿನ ವರ್ಷದ ಹಣ ಏಕೆ ಉಳಿಯಿತು, ಯಾವ ಉಡಾವಣೆ ಏಕೆ ತಡವಾಯಿತು ಎಂದು ಕೇಳಿ, ವರದಿಯನ್ನು ಸದನದಲ್ಲಿ ಮಂಡಿಸುತ್ತದೆ. ಸಮಿತಿಯ ಶಿಫಾರಸುಗಳು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಆದರೆ ಪ್ರತಿ ಶಿಫಾರಸಿನ ಮೇಲೆ ತಾನು ಏನು ಮಾಡಿದೆ ಎಂದು ಇಲಾಖೆ ಲಿಖಿತವಾಗಿ ತಿಳಿಸಬೇಕು.

ಸದನದ ಒಳಗೆ ಆಗುವುದು ಮಾತ್ರ ಇದಕ್ಕಿಂತ ಕಡಿಮೆ. ಪ್ರತಿ ಬಜೆಟ್ ಅಧಿವೇಶನದಲ್ಲಿ ಕೆಲವೇ ಸಚಿವಾಲಯಗಳ ಬೇಡಿಕೆಗಳು ಚರ್ಚೆಗೆ ಬರುತ್ತವೆ. ಉಳಿದವುಗಳನ್ನು ಕೊನೆಯ ದಿನ ಒಟ್ಟಿಗೆ ಗಿಲೊಟಿನ್‌ಗೆ ಹಾಕಿ, ಚರ್ಚೆಯಿಲ್ಲದೆ ಮತಕ್ಕೆ ಹಾಕಲಾಗುತ್ತದೆ. ಬಾಹ್ಯಾಕಾಶ ಇಲಾಖೆಯ ಬೇಡಿಕೆ ಸಾಮಾನ್ಯವಾಗಿ ಈ ಎರಡನೆಯ ಗುಂಪಿಗೇ ಸೇರುತ್ತದೆ. ಚಂದ್ರಯಾನ-3ರ ಯಶಸ್ಸಿನ ನಂತರ 2023ರ ಸೆಪ್ಟೆಂಬರ್‌ನ ವಿಶೇಷ ಅಧಿವೇಶನದಲ್ಲಿ ಎರಡೂ ಸದನಗಳು ಇಸ್ರೊದ ಬಗ್ಗೆ ವಿಸ್ತಾರವಾಗಿ ಚರ್ಚಿಸಿದವು. ಅದು ಆಗಬೇಕಾದದ್ದೇ. ಅದೇ ಆಸಕ್ತಿಯನ್ನು ಸದಸ್ಯರು ವರ್ಷಕ್ಕೊಮ್ಮೆ ಅನುದಾನ ಬೇಡಿಕೆಯ ಮೇಲೂ ತೋರಿಸಿದ್ದರೆ ನಿಮ್ಮ ಪ್ರಶ್ನೆಗಳಲ್ಲಿ ಅರ್ಧದಷ್ಟು ಹುಟ್ಟುತ್ತಲೇ ಇರಲಿಲ್ಲ.

ಈಗ ಅಂಕಿಗಳಿಗೆ ಬರೋಣ, ಏಕೆಂದರೆ ನಿಮ್ಮ ಮುಖ್ಯ ಅನುಮಾನ ಇರುವುದು ಅಲ್ಲಿ. 2025-26ರ ಬಜೆಟ್‌ನಲ್ಲಿ ಬಾಹ್ಯಾಕಾಶ ಇಲಾಖೆಗೆ ತೆಗೆದಿಟ್ಟ ಮೊತ್ತ 13,416.20 ಕೋಟಿ ರೂಪಾಯಿ. ಆ ವರ್ಷದ ಕೇಂದ್ರ ಬಜೆಟ್‌ನ ಒಟ್ಟು ಗಾತ್ರ 50 ಲಕ್ಷ ಕೋಟಿ ರೂಪಾಯಿಗಿಂತ ಸ್ವಲ್ಪ ಹೆಚ್ಚು. ಅಂದರೆ ಸರ್ಕಾರ ಖರ್ಚು ಮಾಡುವ ಪ್ರತಿ 100 ರೂಪಾಯಿಯಲ್ಲಿ ಬಾಹ್ಯಾಕಾಶಕ್ಕೆ ಹೋಗುವುದು ಸುಮಾರು 26 ಪೈಸೆ. ಇದರಲ್ಲಿ ಸುಮಾರು ಮುಕ್ಕಾಲು ಪಾಲು ರಾಕೆಟ್, ಉಪಗ್ರಹ, ಉಡಾವಣಾ ಕೇಂದ್ರ, ಗಗನಯಾನ ಮೊದಲಾದವುಗಳನ್ನು ಒಳಗೊಂಡ ಬಾಹ್ಯಾಕಾಶ ತಂತ್ರಜ್ಞಾನ ಎಂಬ ಶೀರ್ಷಿಕೆಗೆ ಸೇರುತ್ತದೆ. ಜನ ಬಹುವಾಗಿ ಮೆಚ್ಚುವ ಚಂದ್ರ, ಮಂಗಳ, ಸೂರ್ಯನ ಅಧ್ಯಯನದಂಥ ಬಾಹ್ಯಾಕಾಶ ವಿಜ್ಞಾನದ ಶೀರ್ಷಿಕೆಗೆ ಸಿಗುವುದು ಅದರ ಮುಂದೆ ಬಹಳ ಸಣ್ಣ ಪಾಲು. ವಿಜ್ಞಾನಕ್ಕೆ ಇಷ್ಟು ಕಡಿಮೆ ಸಾಕೇ ಎಂಬುದು ಬೇರೆಯೇ ಚರ್ಚೆ. ಸಾಲದು ಎಂಬುದು ನನ್ನ ಉತ್ತರ.

ಪತ್ರಿಕೆಗಳಲ್ಲಿ ಬರುವ ದೊಡ್ಡ ಮೊತ್ತಗಳು ವರ್ಷದ ಬಜೆಟ್‌ನಲ್ಲಿ ಏಕೆ ಕಾಣುವುದಿಲ್ಲ? ಏಕೆಂದರೆ ಅವೆರಡೂ ಬೇರೆ ಬೇರೆ ಒಪ್ಪಿಗೆಗಳು. ಒಂದು, ಕೇಂದ್ರ ಸಚಿವ ಸಂಪುಟ ಒಂದು ಯೋಜನೆಯ ಪೂರ್ಣ ವೆಚ್ಚಕ್ಕೆ ಕೊಡುವ ಮಂಜೂರಾತಿ. ಇನ್ನೊಂದು, ಆ ಯೋಜನೆಗೆ ಒಂದು ಆರ್ಥಿಕ ವರ್ಷದಲ್ಲಿ ಬೇಕಾಗುವಷ್ಟನ್ನು ಮಾತ್ರ ಲೋಕಸಭೆ ಒಪ್ಪಿ ಕೊಡುವ ಅನುದಾನ. ಮನೆ ಕಟ್ಟಲು ಬ್ಯಾಂಕ್ ಸಾಲ ಮಂಜೂರು ಮಾಡಿದ ದಿನವೇ ಪೂರ್ತಿ ಹಣ ಕೈಗೆ ಕೊಡದೆ, ಪಾಯ, ಗೋಡೆ, ತಾರಸಿ ಎಂದು ಕೆಲಸ ಮುಂದುವರಿದಂತೆ ಕಂತುಗಳಲ್ಲಿ ಬಿಡುಗಡೆ ಮಾಡುವ ಹಾಗೆ. 2024ರ ಸೆಪ್ಟೆಂಬರ್ 18ರಂದು ಸಂಪುಟ ಒಂದೇ ದಿನ ನಾಲ್ಕು ತೀರ್ಮಾನ ಕೈಗೊಂಡಿತು: ಚಂದ್ರಯಾನ-4ಕ್ಕೆ 2,104.06 ಕೋಟಿ, ಶುಕ್ರ ಗ್ರಹದ ಕಕ್ಷೆಗೆ ಕಳುಹಿಸುವ ನೌಕೆಗೆ 1,236 ಕೋಟಿ, ಮರುಬಳಕೆಯ ಹೊಸ ತಲೆಮಾರಿನ ರಾಕೆಟ್ ಅಭಿವೃದ್ಧಿಗೆ 8,240 ಕೋಟಿ, ಗಗನಯಾನ ಕಾರ್ಯಕ್ರಮದ ವಿಸ್ತರಣೆಗೆ ಹೆಚ್ಚುವರಿಯಾಗಿ 11,170 ಕೋಟಿ. ಒಟ್ಟು ಸುಮಾರು 22,750 ಕೋಟಿ ರೂಪಾಯಿ. ಆದರೆ ಅದರ ಮುಂದಿನ ಬಜೆಟ್‌ನಲ್ಲಿ ಇಲಾಖೆಯ ಮೊತ್ತ ಹಿಂದಿನ 13,042.75 ಕೋಟಿಗಿಂತ ಏರಿದ್ದು 373 ಕೋಟಿಯಷ್ಟು ಮಾತ್ರ. ಹೊಸ ರಾಕೆಟ್‌ಗೆ ಕೊಟ್ಟಿರುವ ಕಾಲಾವಕಾಶವೇ 8 ವರ್ಷ. ಅದರ ಹಣವೂ ಆ 8 ವರ್ಷಗಳ ಮೇಲೆ ಹರಡಿಕೊಳ್ಳುತ್ತದೆ.

ಇದರಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಯಾವ ಯೋಜನೆ ಬೇಕು, ಅದಕ್ಕೆ ಒಟ್ಟು ಎಷ್ಟು ಖರ್ಚು ಮಾಡಬಹುದು ಎಂಬ ನಿಜವಾದ ತೀರ್ಮಾನ ಸಂಪುಟದಲ್ಲಿ ಆಗುತ್ತದೆಯೇ ಹೊರತು ಸಂಸತ್ತಿನಲ್ಲಲ್ಲ. ಗಗನಯಾನವನ್ನೇ ನೋಡಿ. 2018ರ ಡಿಸೆಂಬರ್‌ನಲ್ಲಿ ಸಂಪುಟ ಅದಕ್ಕೆ 9,023 ಕೋಟಿ ರೂಪಾಯಿಯ ಮಿತಿಯಲ್ಲಿ ಒಪ್ಪಿಗೆ ಕೊಟ್ಟಿತು. 2024ರಲ್ಲಿ ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕವನ್ನೂ ಸೇರಿಸಿಕೊಂಡು ಆ ಮೊತ್ತ 20,193 ಕೋಟಿಗೆ ಏರಿತು. ಕೆಲಸದ ವ್ಯಾಪ್ತಿಯೇ ಹಿಗ್ಗಿರುವುದರಿಂದ ಇದನ್ನು ಬರಿಯ ವೆಚ್ಚ ಹೆಚ್ಚಳ ಎಂದು ಕರೆಯುವುದು ಸರಿಯಲ್ಲ. ಆದರೆ ಮೊದಲಿನ ಕೆಲಸಕ್ಕೆ ಎಷ್ಟು ಹೆಚ್ಚಾಯಿತು, ಹೊಸದಾಗಿ ಸೇರಿದ ಕೆಲಸಕ್ಕೆ ಎಷ್ಟು ಎಂದು ಬಿಡಿಸಿ ತೋರಿಸುವ ದಾಖಲೆಯನ್ನು ಸಂಸತ್ತಿನ ಮುಂದೆ ತಾನಾಗಿಯೇ ಇಡಬೇಕೆಂಬ ನಿಯಮ ನಮ್ಮಲ್ಲಿಲ್ಲ. ಸದಸ್ಯರು ಕೇಳಿದರೆ ಉತ್ತರ ಬರುತ್ತದೆ, ಇಲ್ಲದಿದ್ದರೆ ಇಲ್ಲ.

ಇನ್ನೊಂದು ವಿಷಯ ಜನರ ಗಮನಕ್ಕೆ ಬರುವುದೇ ಇಲ್ಲ. ಬಜೆಟ್ ದಿನ ಘೋಷಿಸಿದ ಹಣವೆಲ್ಲ ಖರ್ಚಾಗುವುದಿಲ್ಲ. 2020-21ರಲ್ಲಿ ಇಲಾಖೆಗೆ ಮೊದಲು ತೆಗೆದಿಟ್ಟಿದ್ದು 13,479 ಕೋಟಿ. ಕೋವಿಡ್ ಕಾರಣಕ್ಕೆ ಪರಿಷ್ಕೃತ ಅಂದಾಜಿನಲ್ಲಿ ಅದು 9,500 ಕೋಟಿಗೆ ಇಳಿಯಿತು. ಅದು ಅಸಾಧಾರಣ ವರ್ಷ ಎನ್ನಬಹುದು. ಆದರೆ 2022-23ರಲ್ಲಿ 13,700 ಕೋಟಿ ಎಂದಿದ್ದದ್ದು ಪರಿಷ್ಕೃತ ಅಂದಾಜಿನಲ್ಲಿ ಸುಮಾರು 10,530 ಕೋಟಿಯಾಯಿತು. 2023-24ರಲ್ಲಿ 12,544 ಕೋಟಿ ಇದ್ದದ್ದು ಸುಮಾರು 11,070 ಕೋಟಿಯಾಯಿತು. ರಾಕೆಟ್‌ನ ಒಂದು ಭಾಗ ಕೈಗಾರಿಕೆಯಿಂದ ತಡವಾಗಿ ಬಂದರೆ ಅದರ ಬಿಲ್ಲು ಮುಂದಿನ ವರ್ಷಕ್ಕೆ ಹೋಗುತ್ತದೆ. ವಿದೇಶದಿಂದ ಬರಬೇಕಾದ ಬಿಡಿಭಾಗ ಬರದಿದ್ದರೆ, ಒಂದು ಪರೀಕ್ಷೆ ಮುಂದೂಡಿದರೆ, ಅದಕ್ಕೆಂದು ಇಟ್ಟ ಹಣವೂ ನಿಲ್ಲುತ್ತದೆ. ನಮ್ಮ ಅನುದಾನಕ್ಕೆ ಮಾರ್ಚ್ 31ರಂದು ಆಯುಷ್ಯ ಮುಗಿಯುವುದರಿಂದ, ಖರ್ಚಾಗದ ಹಣವನ್ನು ಇಲಾಖೆ ಸರೆಂಡರ್ ಮಾಡಿ ಮುಂದಿನ ವರ್ಷ ಮತ್ತೆ ಹೊಸದಾಗಿ ಕೇಳಬೇಕು. ಹತ್ತು ವರ್ಷ ಹಿಡಿಯುವ ಕೆಲಸಕ್ಕೆ ಹನ್ನೆರಡು ತಿಂಗಳ ಲೆಕ್ಕ ಹಾಕುವ ಈ ಪದ್ಧತಿ ಶಿಸ್ತಿಗೆ ಒಳ್ಳೆಯದು, ಯೋಜನೆಗೆ ಕಷ್ಟದ್ದು. ಆದ್ದರಿಂದ ಇಸ್ರೊಗೆ ಹಣ ಸಾಲದು ಎಂಬ ಮಾತನ್ನು ಕೇಳಿದಾಗ, ಕೊಟ್ಟ ಹಣ ಏಕೆ ಉಳಿಯಿತು ಎಂಬ ಪ್ರಶ್ನೆಯನ್ನೂ ಜೊತೆಗೇ ಕೇಳಬೇಕು.

ಖರ್ಚಿನ ಮೇಲಿನ ಒಳಗಿನ ಕಾವಲಿನ ಬಗ್ಗೆ ಒಂದು ಮಾತು. ಬಾಹ್ಯಾಕಾಶ ಆಯೋಗವನ್ನು ಅಣುಶಕ್ತಿ ಆಯೋಗದ ಮಾದರಿಯಲ್ಲಿ ಕಟ್ಟಲಾಯಿತು. ಆ ಅಣುಶಕ್ತಿ ಆಯೋಗದ 1958ರ ನಿರ್ಣಯದಲ್ಲಿ ಒಂದು ಜಾಣತನದ ಏರ್ಪಾಡಿತ್ತು: ಅಧ್ಯಕ್ಷರು ಉಳಿದ ಸದಸ್ಯರ ಅಭಿಪ್ರಾಯವನ್ನು ತಳ್ಳಿಹಾಕಬಹುದು, ಆದರೆ ಹಣಕಾಸು ಸದಸ್ಯರು ಒಪ್ಪದಿದ್ದರೆ ವಿಷಯವನ್ನು ಪ್ರಧಾನಮಂತ್ರಿ ಮತ್ತು ಹಣಕಾಸು ಸಚಿವರ ಮುಂದಿಡಬೇಕೆಂದು ಕೇಳುವ ಹಕ್ಕು ಅವರಿಗಿತ್ತು. ಬಾಹ್ಯಾಕಾಶ ಆಯೋಗದಲ್ಲೂ ಹಣಕಾಸು ಸದಸ್ಯರೊಬ್ಬರಿದ್ದಾರೆ. ಸಂಸತ್ತು ಒಪ್ಪಿದ ಬಜೆಟ್‌ನ ಮಿತಿಯೊಳಗೆ ಪ್ರತಿ ಖರೀದಿಗೂ ದೆಹಲಿಯ ಬಾಗಿಲು ತಟ್ಟದೆ ಮುಂದುವರಿಯುವ ಅಧಿಕಾರ ವಿಜ್ಞಾನಿಗಳಿಗೆ ಸಿಕ್ಕಿದ್ದು ಈ ಮಾದರಿಯಿಂದ. ಮಂಗಳಯಾನವನ್ನು 450 ಕೋಟಿ ರೂಪಾಯಿಯಲ್ಲಿ ಮುಗಿಸಲು ಸಾಧ್ಯವಾದದ್ದಕ್ಕೆ ಎಂಜಿನಿಯರುಗಳ ಶ್ರಮದಷ್ಟೇ ಈ ಆಡಳಿತ ಸ್ವಾತಂತ್ರ್ಯವೂ ಕಾರಣ ಎಂದು ನಾನು ತಿಳಿದಿದ್ದೇನೆ.

ಆದರೆ ಕಾವಲು ಇದ್ದೂ ತಪ್ಪಿಹೋದ ಸಂದರ್ಭವೊಂದಿದೆ. 2005ರ ಜನವರಿ 28ರಂದು ಇಸ್ರೊದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್, ಬೆಂಗಳೂರಿನ ದೇವಾಸ್ ಮಲ್ಟಿಮೀಡಿಯಾ ಎಂಬ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಜಿಸ್ಯಾಟ್-6 ಮತ್ತು ಜಿಸ್ಯಾಟ್-6ಎ ಎಂಬ ಎರಡು ಉಪಗ್ರಹಗಳನ್ನು ಕಟ್ಟಿ, ಅವುಗಳ ಸಾಮರ್ಥ್ಯದ ಬಹುಪಾಲನ್ನೂ ಅದರ ಜೊತೆಗೆ ಎಸ್-ಬ್ಯಾಂಡ್‌ನ 70 ಮೆಗಾಹರ್ಟ್ಜ್ ತರಂಗಾಂತರವನ್ನೂ ಆ ಕಂಪನಿಗೆ ಒದಗಿಸುವ ಒಪ್ಪಂದ ಅದು. ಅದೇ ವರ್ಷದ ಕೊನೆಗೆ ಜಿಸ್ಯಾಟ್-6ಕ್ಕೆ ಮಂಜೂರಾತಿ ಕೇಳಿ ಸಂಪುಟಕ್ಕೆ ಕಳುಹಿಸಿದ ಟಿಪ್ಪಣಿಯಲ್ಲಿ, ಈ ಉಪಗ್ರಹ ಹೆಚ್ಚುಕಡಿಮೆ ಪೂರ್ತಿಯಾಗಿ ಒಂದೇ ಖಾಸಗಿ ಕಂಪನಿಯ ಬಳಕೆಗೆ ಎಂಬ ಮಾತೇ ಇರಲಿಲ್ಲ. ವಿಷಯ ಬಹಿರಂಗವಾಗಿ ದೊಡ್ಡ ಚರ್ಚೆಯಾದ ಮೇಲೆ 2011ರ ಫೆಬ್ರುವರಿಯಲ್ಲಿ ಸರ್ಕಾರ ಒಪ್ಪಂದವನ್ನು ರದ್ದುಪಡಿಸಿತು. ಸರ್ಕಾರದ ಲೆಕ್ಕಗಳನ್ನು ಪರಿಶೋಧಿಸುವ ಸಾಂವಿಧಾನಿಕ ಸಂಸ್ಥೆ ಸಿಎಜಿಯ ವರದಿ ಸಂಸತ್ತಿಗೆ ಬಂದದ್ದು 2012ರಲ್ಲಿ, ಅಂದರೆ ಸಹಿ ಬಿದ್ದ 7 ವರ್ಷಗಳ ನಂತರ. 2015ರಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ಆಂಟ್ರಿಕ್ಸ್ 56.25 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಇತ್ತ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ದೇವಾಸ್ ವಂಚನೆಯ ಉದ್ದೇಶದಿಂದಲೇ ಸ್ಥಾಪನೆಯಾದ ಕಂಪನಿ ಎಂಬ ಕಾರಣಕ್ಕೆ ಅದನ್ನು ಮುಚ್ಚುವ ಆದೇಶವನ್ನು ಎತ್ತಿಹಿಡಿಯಿತು. ಅಮೆರಿಕದ ನ್ಯಾಯಾಲಯಗಳಲ್ಲಿ ವ್ಯಾಜ್ಯ ಅದರ ನಂತರವೂ ನಡೆಯಿತು. 2025ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸಹ ಅಧಿಕಾರ ವ್ಯಾಪ್ತಿಯ ಪ್ರಶ್ನೆಯ ಮೇಲೆ ತೀರ್ಪು ಕೊಟ್ಟಿತು.

ಯಾರು ತಪ್ಪಿತಸ್ಥರು ಎಂಬುದು ನ್ಯಾಯಾಲಯಗಳ ವಿಷಯ. ಮೇಲ್ವಿಚಾರಣೆಯ ದೃಷ್ಟಿಯಿಂದ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಈ ಪ್ರಕರಣದಲ್ಲಿ ಆಯೋಗವಿತ್ತು, ಹಣಕಾಸು ಸದಸ್ಯರಿದ್ದರು, ಸಂಪುಟದ ಒಪ್ಪಿಗೆಯೂ ಇತ್ತು. ಆದರೆ ಒಪ್ಪಿಗೆ ಕೊಡುವವರ ಕೈಗೆ ಪೂರ್ಣ ಮಾಹಿತಿ ಹೋಗದಿದ್ದರೆ ಮೇಲಿನ ಎಲ್ಲ ಹಂತಗಳೂ ಕಾಗದದ ಮೇಲಷ್ಟೇ ಉಳಿಯುತ್ತವೆ. ಸಿಎಜಿಯ ಕೆಲಸ ಅಮೂಲ್ಯವಾದದ್ದು. ಅದರ ವರದಿಗಳು ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತವೆ, 22 ಸದಸ್ಯರ ಆ ಸಮಿತಿಯ ಅಧ್ಯಕ್ಷತೆಯನ್ನು 1967ರಿಂದ ವಿರೋಧ ಪಕ್ಷದವರಿಗೆ ಕೊಡುವ ಒಳ್ಳೆಯ ಸಂಪ್ರದಾಯವೂ ಇದೆ. 2004ರಲ್ಲಿ ಹಾರಿಸಿದ ಶೈಕ್ಷಣಿಕ ಉಪಗ್ರಹ ಎಜುಸ್ಯಾಟ್‌ನ ಬಳಕೆಯನ್ನೂ ಸಿಎಜಿ ಪರಿಶೀಲಿಸಿ, ಆಕಾಶದಲ್ಲಿ ಉಪಗ್ರಹ ಸಿದ್ಧವಿದ್ದರೂ ನೆಲದ ಮೇಲಿನ ತರಗತಿಗಳ ಜಾಲ ಸಿದ್ಧವಾಗಲು ತಡವಾದದ್ದನ್ನು ಎತ್ತಿ ತೋರಿಸಿತು. ಹಾಗಾಗಿ ಸಿಎಜಿ ಬರಿಯ ವೋಚರ್ ನೋಡುತ್ತದೆ ಎನ್ನುವುದು ತಪ್ಪು. ಅದರ ಕೈ ಕಟ್ಟಿರುವುದು ಕಾಲದಿಂದ. ಲೆಕ್ಕಪರಿಶೋಧನೆ ನಡೆದುಹೋದದ್ದನ್ನು ನೋಡುತ್ತದೆ. ನಡೆಯುತ್ತಿರುವ ಯೋಜನೆಯನ್ನು ವರ್ಷ ವರ್ಷವೂ ಹಿಂಬಾಲಿಸುವವರು ಬೇರೆ ಯಾರೂ ಇಲ್ಲ.

ಈಗ ನಿಮ್ಮ ಮೂರನೆಯ ಪ್ರಶ್ನೆ, ವೈಫಲ್ಯಗಳ ಬಗ್ಗೆ. ರಾಕೆಟ್ ಅಥವಾ ಉಪಗ್ರಹ ವಿಫಲವಾದರೆ ಇಸ್ರೊ ಒಂದು ವೈಫಲ್ಯ ವಿಶ್ಲೇಷಣಾ ಸಮಿತಿಯನ್ನು ನೇಮಿಸುತ್ತದೆ. ಅದರಲ್ಲಿ ಹೊರಗಿನ ಶಿಕ್ಷಣ ಸಂಸ್ಥೆಗಳ ತಜ್ಞರೂ ಇರುವುದುಂಟು. ಆದರೆ ಸಮಿತಿಯ ವರದಿ ಹೋಗುವುದು ಇಸ್ರೊ ಮತ್ತು ಸರ್ಕಾರಕ್ಕೆ, ಅದನ್ನು ಪ್ರಕಟಿಸಲೇಬೇಕೆಂಬ ಕಾನೂನಿಲ್ಲ. 2021ರ ಆಗಸ್ಟ್ 12ರಂದು ಜಿಎಸ್ಎಲ್‌ವಿ-ಎಫ್10 ವಿಫಲವಾದಾಗ, ಅತಿಶೀತಲ ಇಂಧನ ಬಳಸುವ ಕ್ರಯೋಜೆನಿಕ್ ಹಂತದ ದ್ರವ ಜಲಜನಕದ ಟ್ಯಾಂಕಿನಲ್ಲಿ ಒತ್ತಡ ಕುಸಿದದ್ದಕ್ಕೆ ವಾಲ್ವ್ ಸೋರಿಕೆ ಕಾರಣ ಎಂದು ವಿವರಿಸುವ ಸಾರಾಂಶವನ್ನು ಇಸ್ರೊ ಪ್ರಕಟಿಸಿತು. ಅದು ಮೆಚ್ಚಬೇಕಾದ ನಡೆ. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಅಪ್ಪಳಿಸಿದಾಗ ಹಾಗಾಗಲಿಲ್ಲ. ಇಳಿಯುವಿಕೆಯ ಎರಡನೆಯ ಹಂತದಲ್ಲಿ ವೇಗ ತಗ್ಗಿದ ಪ್ರಮಾಣ ವಿನ್ಯಾಸದ ಮಿತಿಗಿಂತ ಹೆಚ್ಚಾಗಿತ್ತು ಎಂಬ ಉತ್ತರ ಆ ವರ್ಷದ ನವೆಂಬರ್‌ನಲ್ಲಿ ಲೋಕಸಭೆಗೆ ಲಿಖಿತವಾಗಿ ಬಂತು, ಪೂರ್ಣ ವರದಿ ಬಹಿರಂಗವಾಗಲಿಲ್ಲ. 978 ಕೋಟಿ ರೂಪಾಯಿಯ ಆ ಯೋಜನೆಯ ಆರ್ಬಿಟರ್ ಇಂದಿಗೂ ಉಪಯುಕ್ತವಾಗಿರುವುದರಿಂದ ಹಣ ವ್ಯರ್ಥವಾಯಿತು ಎನ್ನಲಾಗದು. ಆದರೆ ವಿವರ ಗೊತ್ತಾಗಲು ಜನರು ಚಂದ್ರಯಾನ-3 ಇಳಿಯುವ ಹೊತ್ತಿಗೆ ಅಧ್ಯಕ್ಷರು ಉಪನ್ಯಾಸಗಳಲ್ಲಿ ಹೇಳುವವರೆಗೆ ಕಾಯಬೇಕಾದದ್ದು ಸರಿಯಲ್ಲ. 2025ರ ಮೇ 18ರಂದು ಪಿಎಸ್ಎಲ್‌ವಿ-ಸಿ61ರ ಮೂರನೆಯ ಹಂತದಲ್ಲಿ ತೊಂದರೆಯಾಗಿ ಇಒಎಸ್-09 ಉಪಗ್ರಹ ಕೈತಪ್ಪಿದಾಗಲೂ ಇಂಥದೇ ಪ್ರಶ್ನೆ ಎದ್ದಿತು.

ವೈಫಲ್ಯದ ಕಾರಣ ತಿಳಿಸಿದರೆ ಸಂಸ್ಥೆಯ ಹೆಸರು ಕೆಡುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಕಾರಣ ತಿಳಿಸಿದ 2021ರ ಪ್ರಕರಣದಲ್ಲಿ ಇಸ್ರೊದ ಮೇಲಿನ ವಿಶ್ವಾಸ ಕುಗ್ಗಲಿಲ್ಲ. ತಿಳಿಸದೇ ಇದ್ದಾಗಲೇ ಊಹಾಪೋಹಗಳು ಹಬ್ಬುತ್ತವೆ, ಮತ್ತು ನಮ್ಮ ಪಿಎಸ್ಎಲ್‌ವಿಯಲ್ಲಿ ತಮ್ಮ ಉಪಗ್ರಹ ಕಳುಹಿಸಬೇಕೆಂದಿರುವ ವಿದೇಶಿ ಗ್ರಾಹಕರೂ ವಿಮಾ ಕಂಪನಿಗಳೂ ಅನುಮಾನದಿಂದ ನೋಡತೊಡಗುತ್ತಾರೆ. ರಕ್ಷಣೆಗೆ ಸಂಬಂಧಿಸಿದ ಉಪಗ್ರಹಗಳ ವಿವರ ಗುಟ್ಟಾಗಿರಬೇಕಾದದ್ದು ಸಹಜ. ಒಂದು ವಾಲ್ವ್ ಏಕೆ ತೆರೆಯಲಿಲ್ಲ ಎಂಬುದಕ್ಕೆ ಆ ಗುಟ್ಟಿನ ಹೊದಿಕೆ ಬೇಕಿಲ್ಲ.

ಅಮೆರಿಕದಲ್ಲಿ ಹೇಗಿದೆ ಎಂದು ಹಲವರು ಕೇಳುವುದರಿಂದ ಅದನ್ನೂ ಸ್ವಲ್ಪ ಹೇಳುತ್ತೇನೆ. ನಾಸಾ ಹುಟ್ಟಿದ್ದೇ 1958ರ ಒಂದು ಕಾಯ್ದೆಯಿಂದ. ಅಲ್ಲಿನ ಸಂಸತ್ತಾದ ಕಾಂಗ್ರೆಸ್, ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಡುವ ಕಾನೂನು ಬೇರೆ, ಹಣ ಕೊಡುವ ಕಾನೂನು ಬೇರೆ ಮಾಡುತ್ತದೆ. ಯಾವ ನೌಕೆಗೆ ಎಷ್ಟು ಎಂಬುದನ್ನೂ ಹಲವು ಬಾರಿ ತಾನೇ ಬರೆಯುತ್ತದೆ. ಕಾಂಗ್ರೆಸ್‌ಗೆ ಉತ್ತರದಾಯಿಯಾದ ಲೆಕ್ಕಪರಿಶೋಧನಾ ಕಚೇರಿ ನಾಸಾದ ದೊಡ್ಡ ಯೋಜನೆಗಳ ವೆಚ್ಚ ಮತ್ತು ವಿಳಂಬದ ಬಗ್ಗೆ ಪ್ರತಿ ವರ್ಷ ವರದಿ ಪ್ರಕಟಿಸುತ್ತದೆ. ಒಂದು ಯೋಜನೆಯ ಅಭಿವೃದ್ಧಿ ವೆಚ್ಚ ಮೂಲ ಅಂದಾಜಿಗಿಂತ ಶೇ 30ರಷ್ಟು ಮೀರಿದರೆ ಅದನ್ನು ಮುಂದುವರಿಸಲು ಮತ್ತೆ ಕಾಂಗ್ರೆಸ್‌ನ ಒಪ್ಪಿಗೆ ಬೇಕೆಂಬ ನಿಯಮ 2005ರ ಕಾಯ್ದೆಯಲ್ಲಿದೆ. ನಾಸಾದ ಒಳಗೇ ಇದ್ದೂ ಸ್ವತಂತ್ರವಾಗಿ ಕೆಲಸ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯು, ಮನುಷ್ಯರನ್ನು ಮತ್ತೆ ಚಂದ್ರನತ್ತ ಕಳುಹಿಸುವ ಆರ್ಟೆಮಿಸ್ ಕಾರ್ಯಕ್ರಮದ ಮೊದಲ ಕೆಲವು ಉಡಾವಣೆಗಳಿಗೆ ತಲಾ 410 ಕೋಟಿ ಡಾಲರ್ ತಗಲುತ್ತದೆ ಎಂದು ತನ್ನದೇ ಸಂಸ್ಥೆಯ ಬಗ್ಗೆ ಲೆಕ್ಕ ಹಾಕಿ ಬಹಿರಂಗವಾಗಿ ಹೇಳಿತು.

ಹಾಗೆಂದು ಅದನ್ನೆಲ್ಲ ಹಾಗೇ ತಂದುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ನಾಸಾದ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕವನ್ನು 2011ರಲ್ಲಿ ಪ್ರತಿನಿಧಿ ಸಭೆಯ ಸಮಿತಿಯೊಂದು ಅರ್ಧದಲ್ಲೇ ಕೈಬಿಡಲು ಹೊರಟಿತ್ತು. ಅದು ಉಳಿದುಕೊಂಡು 2021ರಲ್ಲಿ ಹಾರಿತು. 2026ರ ಆರ್ಥಿಕ ವರ್ಷಕ್ಕೆ ಅಲ್ಲಿನ ಸರ್ಕಾರವೇ ನಾಸಾದ ಬಜೆಟ್‌ನಲ್ಲಿ ಸುಮಾರು ಕಾಲುಭಾಗ ಕಡಿತ ಸೂಚಿಸಿತು. ರಾಜಕೀಯ ಬದಲಾದಂತೆ ಗುರಿ ಬದಲಾಗುವ ಆ ತೂಗಾಟ ನಮ್ಮಲ್ಲಿ ಇಲ್ಲ. ಯಾವ ಪಕ್ಷದ ಸರ್ಕಾರ ಬಂದರೂ ಬಾಹ್ಯಾಕಾಶ ಕಾರ್ಯಕ್ರಮ ನಿಂತಿಲ್ಲ ಎಂಬುದು ನಮ್ಮ ದೊಡ್ಡ ಬಲ. ಆ ಸ್ಥಿರತೆಯನ್ನು ಉಳಿಸಿಕೊಂಡೇ ವಾರ್ಷಿಕ ಯೋಜನಾವಾರು ವರದಿಯೊಂದನ್ನು, ಮೂಲ ಅಂದಾಜು, ಈಗಿನ ಅಂದಾಜು, ಮೂಲ ಗಡುವು, ಈಗಿನ ಗಡುವು ಎಂಬ ನಾಲ್ಕೇ ಕಲಮುಗಳಿದ್ದರೂ ಸರಿ, ಸಂಸತ್ತಿನಲ್ಲಿ ಮಂಡಿಸುವುದು ಕಷ್ಟದ ಕೆಲಸವಲ್ಲ.

ಈ ಬೇಡಿಕೆಗೆ ಈಗ ಹೆಚ್ಚು ತುರ್ತು ಬಂದಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಖಾಸಗಿ ಕಂಪನಿಗಳ ಪ್ರವೇಶ. 2020ರಲ್ಲಿ ಅಹಮದಾಬಾದ್ ಕೇಂದ್ರವಾಗಿ ಇನ್-ಸ್ಪೇಸ್ ಎಂಬ ಸಂಸ್ಥೆಯನ್ನು ಸರ್ಕಾರ ರಚಿಸಿತು. ಖಾಸಗಿ ಕಂಪನಿಗಳಿಗೆ ಅನುಮತಿ ಕೊಡುವುದೂ ಅವುಗಳನ್ನು ಬೆಳೆಸುವುದೂ ಅದರದೇ ಕೆಲಸ, ಅದು ಇರುವುದೂ ಬಾಹ್ಯಾಕಾಶ ಇಲಾಖೆಯ ಅಡಿಯಲ್ಲೇ. 2022ರಲ್ಲಿ ಸ್ಕೈರೂಟ್ ತನ್ನ ವಿಕ್ರಮ್-ಎಸ್ ರಾಕೆಟ್ ಹಾರಿಸಿತು, 2023ರಲ್ಲಿ ಭಾರತೀಯ ಬಾಹ್ಯಾಕಾಶ ನೀತಿ ಬಂತು, ಸಣ್ಣ ಉಪಗ್ರಹಗಳ ರಾಕೆಟ್ ಎಸ್ಎಸ್ಎಲ್‌ವಿಯ ತಂತ್ರಜ್ಞಾನವನ್ನು 511 ಕೋಟಿ ರೂಪಾಯಿಯ ಬಿಡ್‌ನಲ್ಲಿ 2025ರಲ್ಲಿ ನಮ್ಮ ಎಚ್ಎಎಲ್ ಗೆದ್ದುಕೊಂಡಿತು. 1967ರ ಬಾಹ್ಯಾಕಾಶ ಒಪ್ಪಂದದ 6ನೇ ವಿಧಿಯಂತೆ ಖಾಸಗಿಯವರು ಬಾಹ್ಯಾಕಾಶದಲ್ಲಿ ಮಾಡುವ ಕೆಲಸಕ್ಕೂ ಜಗತ್ತಿನ ಮುಂದೆ ಹೊಣೆ ಹೊರಬೇಕಾದದ್ದು ದೇಶ. ಅಂದರೆ ಒಂದು ಖಾಸಗಿ ರಾಕೆಟ್‌ನ ಚೂರು ಬೇರೆ ದೇಶದಲ್ಲಿ ಬಿದ್ದು ಹಾನಿಯಾದರೆ ಪರಿಹಾರದ ಹೊರೆ ಕಡೆಗೆ ನಮ್ಮ ತೆರಿಗೆ ಹಣದ ಮೇಲೇ ಬೀಳಬಹುದು. ಆ ಹೊರೆಯನ್ನು ಕಂಪನಿಯೊಂದಿಗೆ ಹೇಗೆ ಹಂಚಿಕೊಳ್ಳಬೇಕು, ವಿಮೆ ಎಷ್ಟಿರಬೇಕು ಎಂದು ಹೇಳಬೇಕಾದ ಕಾನೂನಿನ ಕರಡು 2017ರಲ್ಲೇ ಸಾರ್ವಜನಿಕರ ಮುಂದೆ ಬಂದಿತ್ತು. ಆದರೆ ಅದು ಕಾಯ್ದೆಯಾಗುವ ಮುನ್ನವೇ 2023ರ ನೀತಿ ಬಂತು. ನೀತಿ ಎಂಬುದು ಸರ್ಕಾರ ಬಯಸಿದಾಗ ಬದಲಿಸಬಹುದಾದ ದಾಖಲೆ. ಸಂಸತ್ತು ಚರ್ಚಿಸಿ ಮಾಡಿದ ಕಾಯ್ದೆಯ ಜಾಗವನ್ನು ಅದು ತುಂಬಲಾರದು.

ಎರಡನೆಯ ಕಾರಣ ಗಗನಯಾನ. ಇಷ್ಟು ದಿನ ನಮ್ಮ ರಾಕೆಟ್ ವಿಫಲವಾದರೆ ಹೋಗುತ್ತಿದ್ದದ್ದು ಉಪಗ್ರಹ. ಇನ್ನು ಅದರ ತುದಿಯಲ್ಲಿ ಮನುಷ್ಯರು ಕುಳಿತಿರುತ್ತಾರೆ. 1967ರ ಜನವರಿ 27ರಂದು ಅಪೊಲೊ-1ರ ಬೆಂಕಿಯಲ್ಲಿ ಮೂವರು ಗಗನಯಾನಿಗಳು ಸತ್ತ ನಂತರ ಅಮೆರಿಕದ ಕಾಂಗ್ರೆಸ್, ನಾಸಾದ ಸುರಕ್ಷತೆಯನ್ನು ನೋಡಿ ವರ್ಷ ವರ್ಷ ವರದಿ ಕೊಡುವ ಸಲಹಾ ಮಂಡಳಿಯೊಂದನ್ನು ಕಾನೂನಿನ ಮೂಲಕವೇ ಸ್ಥಾಪಿಸಿತು. ಹಾಗಿದ್ದೂ 1986ರಲ್ಲಿ ಚಾಲೆಂಜರ್, 2003ರಲ್ಲಿ ಕೊಲಂಬಿಯಾ ದುರಂತಗಳು ನಡೆದವು. ಎರಡರಲ್ಲೂ ನಮ್ಮೆದುರು ತನಿಖಾ ವರದಿ ಪೂರ್ತಿಯಾಗಿ ಇರುವುದರಿಂದಲೇ, ಗಡುವಿನ ಒತ್ತಡಕ್ಕೆ ಸಿಕ್ಕ ಸಂಸ್ಥೆಯಲ್ಲಿ ಕೆಳಗಿನ ಎಂಜಿನಿಯರ್‌ನ ಎಚ್ಚರಿಕೆ ಮೇಲಕ್ಕೆ ತಲುಪದೇ ಹೋಗುವುದು ಹೇಗೆಂದು ಜಗತ್ತೆಲ್ಲ ಕಲಿಯಿತು. ಇಸ್ರೊದ ಒಳಗಿನ ಗುಣಮಟ್ಟ ಪರಿಶೀಲನೆ ಕಟ್ಟುನಿಟ್ಟಾದದ್ದು, ಅದರಲ್ಲಿ ತೊಡಗಿರುವವರ ನಿಷ್ಠೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನಿಷ್ಠೆಯಿದ್ದವರೇ ನಾಸಾದಲ್ಲೂ ಇದ್ದರು. ಆದ್ದರಿಂದ, ಹಾರಿಸುವ ಸಂಸ್ಥೆಯ ಅಧ್ಯಕ್ಷರಿಗೆ ವರದಿ ಒಪ್ಪಿಸದ, ಹಾರಿಸಬೇಡಿ ಎಂದು ಬಹಿರಂಗವಾಗಿ ಹೇಳಬಲ್ಲ ಸ್ವತಂತ್ರ ಸುರಕ್ಷತಾ ಮಂಡಳಿಯೊಂದನ್ನು ಮೊದಲ ಮಾನವ ಯಾನಕ್ಕೆ ಮುನ್ನವೇ ಕಾನೂನಿನ ಬಲ ಕೊಟ್ಟು ಸ್ಥಾಪಿಸಬೇಕು. ಅಪಘಾತವಾದ ಮೇಲೆ ಮಾಡುವುದಕ್ಕಿಂತ ಮೊದಲೇ ಮಾಡುವುದಕ್ಕೆ ತಗಲುವ ಹಣ ಗಗನಯಾನದ ಮೊತ್ತದ ಮುಂದೆ ಲೆಕ್ಕಕ್ಕೇ ಬಾರದು.

ಕೊನೆಯದಾಗಿ, ನಾಗರಿಕರಿಗೆ ಇರುವ ದಾರಿ. ಬಜೆಟ್ ದಾಖಲೆಗಳಲ್ಲಿ ಬಾಹ್ಯಾಕಾಶ ಇಲಾಖೆಯ ಅನುದಾನ ಬೇಡಿಕೆಯ ಪುಟ ಎಲ್ಲರಿಗೂ ಲಭ್ಯವಿದೆ. ಇತ್ತೀಚಿನ ಬಜೆಟ್‌ಗಳಲ್ಲಿ ಅದರ ಸಂಖ್ಯೆ 95. ಅದರಲ್ಲಿ ಹಿಂದಿನ ವರ್ಷದ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು ಮತ್ತು ಅದಕ್ಕೂ ಹಿಂದಿನ ವರ್ಷದ ನಿಜವಾದ ಖರ್ಚನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಯಾವ ಭಾಷಣಕ್ಕಿಂತಲೂ ಆ ಮೂರು ಅಂಕಿಗಳು ಹೆಚ್ಚು ಹೇಳುತ್ತವೆ. ಸ್ಥಾಯಿ ಸಮಿತಿಯ ವರದಿಗಳು ರಾಜ್ಯಸಭೆಯ ಜಾಲತಾಣದಲ್ಲಿ ಸಿಗುತ್ತವೆ. ನಿಮ್ಮ ಸಂಸದರಿಗೆ ಬರೆದು, ಒಂದು ನಿರ್ದಿಷ್ಟ ಯೋಜನೆಯ ಮೂಲ ವೆಚ್ಚ ಮತ್ತು ಈಗಿನ ವೆಚ್ಚದ ಬಗ್ಗೆ ಚುಕ್ಕಿರಹಿತ ಪ್ರಶ್ನೆ, ಅಂದರೆ ಲಿಖಿತವಾಗಿ ಮಾತ್ರ ಉತ್ತರ ಬರುವ ಪ್ರಶ್ನೆ, ಕೇಳುವಂತೆ ವಿನಂತಿಸಬಹುದು. ಲಿಖಿತ ಉತ್ತರ ಶಾಶ್ವತ ದಾಖಲೆಯಾಗಿ ಉಳಿಯುತ್ತದೆ.

ಮಾಹಿತಿ ಹಕ್ಕಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದಂತೆ ಇಸ್ರೊ ಕೂಡ ಆರ್‌ಟಿಐ ವ್ಯಾಪ್ತಿಯಿಂದ ಹೊರಗಿದೆ ಎಂದು ಹಲವರು ಭಾವಿಸಿದ್ದಾರೆ. ಹಾಗಿಲ್ಲ. ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಯಲ್ಲಿ ಡಿಆರ್‌ಡಿಒ ಇದೆ, ಇಸ್ರೊ ಇಲ್ಲ. ಇಲಾಖೆ ಮಾಹಿತಿ ನಿರಾಕರಿಸಬೇಕಾದರೆ ಸಾಮಾನ್ಯವಾಗಿ ಸೆಕ್ಷನ್ 8(1)(ಎ) ಅಡಿಯಲ್ಲಿ, ದೇಶದ ಭದ್ರತೆ, ವ್ಯೂಹಾತ್ಮಕ, ವೈಜ್ಞಾನಿಕ ಅಥವಾ ಆರ್ಥಿಕ ಹಿತಾಸಕ್ತಿಗೆ ಧಕ್ಕೆಯಾಗುತ್ತದೆ ಎಂಬ ಕಾರಣ ಕೊಡಬೇಕು. ವೈಜ್ಞಾನಿಕ ಹಿತಾಸಕ್ತಿ ಎಂಬುದನ್ನು ಎಷ್ಟು ಬೇಕಾದರೂ ಎಳೆದು ಅರ್ಥ ಮಾಡಬಹುದಾದ್ದರಿಂದ ಪ್ರಶ್ನೆಯನ್ನು ಚಿಕ್ಕದಾಗಿ, ನಿಖರವಾಗಿ ಕೇಳುವುದು ಜಾಣತನ: ವೈಫಲ್ಯ ವರದಿಯ ಪೂರ್ಣ ಪ್ರತಿಯನ್ನು ಕೇಳುವ ಬದಲು, ಸಮಿತಿ ಯಾವಾಗ ನೇಮಕವಾಯಿತು, ಯಾವಾಗ ವರದಿ ಕೊಟ್ಟಿತು, ಎಷ್ಟು ಶಿಫಾರಸುಗಳಿದ್ದವು, ಅವುಗಳಲ್ಲಿ ಎಷ್ಟು ಜಾರಿಯಾದವು ಎಂದು ಕೇಳಿ. ಅರ್ಜಿಯ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ನಿರಾಕರಿಸಿದರೆ ಮೊದಲ ಮೇಲ್ಮನವಿ, ಆಮೇಲೆ ಕೇಂದ್ರ ಮಾಹಿತಿ ಆಯೋಗ. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು ಎನ್ನುವ ಸೆಕ್ಷನ್ 8(2) ಅದೇ ಕಾಯ್ದೆಯಲ್ಲಿದೆ. ಅದನ್ನು ಮೇಲ್ಮನವಿಯವರೆಗೆ ಕಾಯ್ದಿಡದೆ ಮೊದಲ ಅರ್ಜಿಯಲ್ಲೇ ನಮೂದಿಸಿ.